ಅಕ್ಕ ತುಳಿಯದ ಜಮಖಾನ

ನಮ್ಮಕ್ಕ ಹಗಲಲ್ಲಿ ಮಲಗುವವಳೇ ಅಲ್ಲ. ಗಂಗಾನಗರದಲ್ಲಿ ಅವಳ ಸಂಸಾರ ಇದ್ದಾಗ, ಅಲ್ಲಿಗೆ ಹೋದ ನಾನು ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಕಡೆ ನೋಡಿದರೂ ಸಾಕು, ಹಗಲು ಮಲಗುವ ಮನೆಗೆ ಲಕ್ಷ್ಮಿ ಬರುವುದಿಲ್ಲ ಎಂದು ಗದರಿ, ಬಿಡಿಸುವುದಕ್ಕೆ ಒಂದು ಕಟ್ಟು ಮೆಂತ್ಯದ ಸೊಪ್ಪು ತಂದು ಮಡಿಲಿಗೆ ಹಾಕುತ್ತಿದ್ದಳು. ಅಂಥವಳು ನಮ್ಮ ಮನೆಗೆ ಬಂದು, ಕಣ್ಣು ಪೂರ್ತಿ ಹೋದ ಮೇಲೆ, ಬೆಳಗಿನ ಕಾಫಿ ಕುಡಿದವಳೇ ಮತ್ತೆ ಮಂಚಕ್ಕೆ ಒರಗತೊಡಗಿದಳು. ಮಧ್ಯಾಹ್ನ ಎಬ್ಬಿಸಿ ಊಟಕ್ಕೆ ಕೂರಿಸಿದರೆ ಉಂಡು, ಕೈ ತೊಳೆಸಿಕೊಂಡು, ಮತ್ತೆ ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಮೊದಮೊದಲು ನಾನು ಅದನ್ನು ವಯಸ್ಸು ಎಂದುಕೊಂಡೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದರಲ್ಲಿ ಅಮ್ಮನಿಗಿಂತ ಅವಳ ಪಾಲೇ ಹೆಚ್ಚು. ಹಾಗಾಗಿ ನನ್ನನ್ನು ಗದರುವ ಹಕ್ಕು ತನಗೆ ಮೊದಲಿನಿಂದಲೂ ಬರೆದುಕೊಟ್ಟಿದೆ ಎಂದೇ ಅವಳ ಎಣಿಕೆ. ಅವಳಿಗೆ ಮಕ್ಕಳಾಗಲಿಲ್ಲ. ಭಾವ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ನಾನೂ ನನ್ನ ಗಂಡನೂ ಹೋಗಿ, ಬರುವುದಿಲ್ಲ ಎಂದು ಹಠ ಹಿಡಿದವಳನ್ನು ಬ್ಯಾಟರಾಯನಪುರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಆಗಲೇ ಅವಳ ಕಣ್ಣಿನ ಅಂಚುಗಳು ಮಸುಕಾಗಿದ್ದವು. ಗ್ಲಾಕೋಮಾ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಹನಿ ಹಾಕಿದೆವು, ಆಪರೇಷನ್ ಮಾಡಿಸಿದೆವು, ಉಳಿಯಲಿಲ್ಲ. ಕಿಟಕಿ ತೆರೆದರೆ ಬೆಳಕು ಬಂತು ಎಂದು ಗೊತ್ತಾಗುವಷ್ಟು ಮಾತ್ರ ಈಗ ಇದೆ.

ನಮ್ಮದು ರೈಲು ಡಬ್ಬಿಯಂಥ ಮನೆ. ಹಿಂದೆ ಅಕ್ಕನ ಕೋಣೆ, ಅಲ್ಲಿಂದ ಒಂದು ಉದ್ದನೆಯ ಓಣಿಯಂಥ ಪ್ಯಾಸೇಜು, ಅದರ ಒಂದು ಮಗ್ಗುಲಲ್ಲಿ ಅಡುಗೆಮನೆ, ಬಚ್ಚಲು. ಆಮೇಲೆ ಹಾಲು, ಹಾಲಿನ ಆಚೆ ಬೀದಿ ಬಾಗಿಲು. ನಾನು ಕೊಡಿಗೇಹಳ್ಳಿ ಗೇಟಿನ ಹತ್ತಿರ ಸೀರೆಗೆ ಫಾಲ್ಸ್ ಹಚ್ಚುವ, ಜಿಗ್‌ಜಾಗ್ ಮಾಡುವ ಒಂದು ಪುಟ್ಟ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಗಂಡ ಮನೆಗಳಿಗೆ ವೈರಿಂಗ್ ಮಾಡಿಸುವವರು. ಇಬ್ಬರೂ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ನಾನು ಬರುವ ತನಕ ಅಕ್ಕ ಒಬ್ಬಳೇ. ಮೊದಲೆಲ್ಲ ಅವಳು ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಒಂದು ದಿನ ಪ್ಯಾಸೇಜಿನ ನುಣುಪು ಗೋಡೆಯಲ್ಲಿ ತಾನು ಎಲ್ಲಿದ್ದೇನೆ ಎಂಬುದೇ ತಪ್ಪಿಹೋಗಿ, ಬಚ್ಚಲ ಬಾಗಿಲೆಂದು ಗಾಳಿಗೆ ಕೈ ಚಾಚಿ ಬಿದ್ದಳು. ಮಂಡಿ ಊದಿತು. ಊತ ಇಳಿದರೂ ಆಮೇಲೆ ಅವಳು ನಾವು ಕೈ ಹಿಡಿಯದೆ ಕೋಣೆಯ ಹೊಸ್ತಿಲು ದಾಟಲಿಲ್ಲ.

ಒಂದು ಮಧ್ಯಾಹ್ನ ಅನ್ನ ಕಲಸಿಕೊಡುತ್ತ, ಇಷ್ಟು ನಿದ್ದೆ ಎಲ್ಲಿಂದ ಬರುತ್ತದೆ, ರಾತ್ರಿ ಬೇರೆ ಮಲಗುತ್ತೀಯ, ಎಂದು ಸ್ವಲ್ಪ ಸಿಡುಕಿಯೇ ಕೇಳಿದೆ. ಅಕ್ಕ ನಕ್ಕಳು. ಕಣ್ಣು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಕಣ್ ಬಿಟ್ರೆ ಏನೂ ಕಾಣಲ್ಲ ಕಣೆ. ಮುಚ್ಚಿದ್ರೆ ಎಲ್ಲಾ ಕಾಣುತ್ತೆ. ಇನ್ನು ಬಿಟ್ಕೊಂಡು ಏನ್ ಮಾಡ್ಲಿ ಹೇಳು."

ಕನಸಿನಲ್ಲಿ ಅವಳಿಗೆ ದೃಷ್ಟಿ ಇತ್ತು. ಅದೂ ಎಂಥ ದೃಷ್ಟಿ! ಫ್ಲೈಓವರ್ ಇಲ್ಲದ ಹೆಬ್ಬಾಳದಲ್ಲಿ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಾಳಂತೆ, ನೀರಿನಲ್ಲಿ ಮೋಡ ಹೋಗುವುದು ಕಾಣುತ್ತದಂತೆ. ನಾವು ಸಣ್ಣವರಿದ್ದಾಗ ಮನೆಯ ಹಿಂದೆ ಇದ್ದ ದ್ರಾಕ್ಷಿ ಚಪ್ಪರದ ಅಡಿ ಬಿಸಿಲು ಎಲೆಎಲೆಯಾಗಿ ಬಿದ್ದಿರುತ್ತದಂತೆ, ಅದನ್ನು ಅವಳು ಕೈಯಲ್ಲಿ ಹಿಡಿದು ನೋಡುತ್ತಾಳಂತೆ. ಭಾವ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಇವಳನ್ನೇ ನೋಡುತ್ತಾರಂತೆ. ಹೇಳುತ್ತ ಹೇಳುತ್ತ ಅವಳ ಮುಖ ಎಷ್ಟು ತಿಳಿಯಾಯಿತು ಎಂದರೆ, ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಇಡುವುದೇ ಮರೆತಳು. ನನಗೂ ಒಂದು ಗಳಿಗೆ ಆ ಚಪ್ಪರದ ಕೆಳಗೆ ಹೋಗಿ ನಿಂತ ಹಾಗಾಯಿತು. ಆಮೇಲೆ ಭಯವಾಯಿತು. ಅಷ್ಟು ಚೆಂದದ ಜಾಗ ಬಿಟ್ಟು ಈ ಮನೆಗೆ, ಈ ಗಾಳಿಯಿಲ್ಲದ ಕೋಣೆಗೆ, ಸಿಡುಕುವ ತಂಗಿಯ ಹತ್ತಿರಕ್ಕೆ ಯಾರು ವಾಪಸು ಬರುತ್ತಾರೆ? ಹೀಗೇ ಬಿಟ್ಟರೆ ಒಂದು ದಿನ ಅಕ್ಕ ಅಲ್ಲೇ ಉಳಿದುಬಿಡುತ್ತಾಳೆ ಅನ್ನಿಸಿತು. ಅವಳನ್ನು ಎಚ್ಚರದ ಕಡೆಗೆ ಎಳೆದುಕೊಳ್ಳಬೇಕು ಎಂಬುದು ಅವತ್ತಿನಿಂದ ನನ್ನ ಹಠವಾಯಿತು.

ದಾರಿ ತೋರಿಸಿದ್ದು ಅಂಗಡಿಗೆ ಬಂದ ಒಬ್ಬ ಗಿರಾಕಿ. ಫಾಲ್ಸ್‌ಗೆ ಸೀರೆ ಕೊಡಲು ಬಂದವಳ ಬಗಲಲ್ಲಿ ಸುರುಳಿ ಸುತ್ತಿದ ಜಮಖಾನ ಇತ್ತು. ಹಳೆಯ ಸೀರೆಗಳನ್ನು ಪಟ್ಟಿ ಪಟ್ಟಿ ಮಾಡಿ ಕೊಟ್ಟರೆ ಶೆಟ್ಟಿಹಳ್ಳಿಯಲ್ಲಿ ಒಬ್ಬಾಕೆ ಮಗ್ಗದಲ್ಲಿ ಹೀಗೆ ನೇಯ್ದುಕೊಡುತ್ತಾಳೆ ಎಂದಳು. ಅಂಗಡಿಯ ನೆಲದ ಮೇಲೆ ಬಿಡಿಸಿ ತೋರಿಸಿದಳು. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಇಲ್ಲಿ ಕಾಟನ್ನು, ಇಲ್ಲಿ ನೈಲೆಕ್ಸು, ಇಲ್ಲಿ ಏನೋ ದಪ್ಪದ್ದು ಎಂದು ಅಂಗಾಲಿಗೆ ಪಟ್ಟೆ ಪಟ್ಟೆಯಾಗಿ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಆ ತುದಿಯಿಂದ ಈ ತುದಿಗೆ ನಡೆದೆ. ಆ ಗಿರಾಕಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನನ್ನ ತಲೆಯಲ್ಲಿ ಆಗಲೇ ಅಕ್ಕನ ಮಂಚದಿಂದ ಪ್ಯಾಸೇಜಿನ ಉದ್ದಕ್ಕೂ ಒಂದು ದಾರಿ ಹಾಸಿಯಾಗಿತ್ತು. ಗೋಡೆ ಮೋಸ ಮಾಡಿತು, ನೆಲ ಮಾಡಬಾರದು. ಇಂಥ ಬಟ್ಟೆ ಕಾಲಿಗೆ ಸಿಕ್ಕಿತೆಂದರೆ ಬಚ್ಚಲು ಬಂತು, ಇಂಥದ್ದು ಸಿಕ್ಕಿತೆಂದರೆ ಅಡುಗೆಮನೆ.

ಮನೆಯಲ್ಲಿ ಹೇಳಿದರೆ ನನ್ನ ಗಂಡ, "ಅಜ್ಜಿಗೆ ಅರಿವೆ ಚಿಂತೆ ಅಂತಾರೆ, ನಿನಗೆ ಈಗ್ಲೇ ಶುರು ಆಯ್ತಲ್ಲ" ಎಂದರು. ಆದರೂ ಭಾನುವಾರ ಸ್ಕೂಟರಿನಲ್ಲಿ ಶೆಟ್ಟಿಹಳ್ಳಿಗೆ ಅವರೇ ಕರೆದುಕೊಂಡು ಹೋದರು.

ಮಗ್ಗದಾಕೆಯ ಮನೆ ಹಳೆಯ ಊರಿನ ಒಳಗೆ, ಹೊಸ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಬೆನ್ನು ಕೊಟ್ಟುಕೊಂಡಿತ್ತು. ಹಿತ್ತಲಲ್ಲಿ ಶೀಟು ಹೊದಿಸಿದ ಕೋಣೆ, ಅದರ ತುಂಬ ಮಗ್ಗ. ಆಕೆ ಮಾತಿನ ಮಲ್ಲಿ. ಮಗ್ಗ ಬಡಿಯುವ ಸದ್ದಿಗಿಂತ ಜೋರಾಗಿ ಮಾತಾಡಿ ಅಭ್ಯಾಸವಾಗಿ, ಮಗ್ಗ ನಿಂತಾಗಲೂ ಅದೇ ದನಿ. ಎಷ್ಟಗಲ, ಎಷ್ಟುದ್ದ ಎಂದು ಕೇಳಿದಳು. ಒಬ್ಬರು ನಡೆಯುವಷ್ಟು ಅಗಲ, ಉದ್ದ ಎಷ್ಟು ಬಂದರೆ ಅಷ್ಟು, ಎಂದೆ. ಪಟ್ಟಿ ಎರಡು ಬೆರಳು ಅಗಲ ಇರಬೇಕು, ಉಂಡೆ ಕಟ್ಟಿ ತರಬೇಕು ಎಂದಳು. ನಾನು ಹೊಲಿಗೆಯವಳಲ್ಲವೇ, ನನ್ನ ಹತ್ತಿರ ಒಳ್ಳೆಯ ಕತ್ತರಿ ಇದೆ ಎಂದು ಜಂಬದಿಂದ ಹೇಳಿದೆ.

"ಕತ್ರಿ ಮುಟ್ಟಿಸ್‌ಬ್ಯಾಡಿ ಕಣಮ್ಮ. ಕೈಯಾಗೆ ಅರೀರಿ. ಅಂಗಾದ್ರೆ ಬಟ್ಟೆ ನೂಲಿನ್ ದಾರಿ ತಾನೇ ಇಡೀತದೆ," ಎಂದಳು. ನೀವೇ ಹರಿದುಕೊಂಡು ನೇಯುತ್ತೀರಾ ಎಂದರೆ ಒಪ್ಪಲಿಲ್ಲ. ಅವರವರ ಮನೆಯ ಬಟ್ಟೆ ಅವರವರೇ ಹರಿಯಬೇಕು. ಹರಿಯುವಾಗ ಮನಸ್ಸು ಬದಲಾಗುವವರು ಇರುತ್ತಾರೆ, ತಾನು ಹರಿದಾದ ಮೇಲೆ ಬಂದು ಅತ್ತರೆ ಜೋಡಿಸಿಕೊಡುವುದಕ್ಕಾಗುತ್ತದೆಯೇ ಎಂಬುದು ಅವಳ ವಾದ. ನನಗೆ ಅದು ಕೆಲಸ ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸಿತು.

ಬಟ್ಟೆಗೆ ಬರ ಇರಲಿಲ್ಲ. ಅಕ್ಕನ ಮಂಚದ ಕೆಳಗೆ ಅವಳ ಕಬ್ಬಿಣದ ಟ್ರಂಕು ಇತ್ತು. ಗಂಗಾನಗರದ ಬೀದಿಗೆ ಸ್ಟೀಲ್ ಪಾತ್ರೆಯವಳು ಬಂದಳೆಂದರೆ ಹಳೆಯ ಬಟ್ಟೆ ಕೊಟ್ಟು ಚೌಕಾಸಿ ಮಾಡಿ ಡಬ್ಬಿ, ತಟ್ಟೆ ಕೊಳ್ಳುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ನಮ್ಮ ಮನೆಯ ಅರ್ಧ ಡಬ್ಬಿಗಳು ಭಾವನ ಪ್ಯಾಂಟುಗಳಿಂದ ಬಂದವು. ಆದರೆ ಕೆಲವನ್ನು ಪಾತ್ರೆಯವಳು ಎಷ್ಟು ದೊಡ್ಡ ಕೊಳಗ ತೋರಿಸಿದರೂ ಕೊಟ್ಟವಳಲ್ಲ. ಅಮ್ಮನ ಹಸಿರು ಚೌಕಳಿ ಸೀರೆ, ಅರಿಶಿನ ಬಣ್ಣದ್ದು, ಭಾವನ ಖಾಕಿ ಯೂನಿಫಾರಂ, ಲುಂಗಿ, ತನ್ನ ವಾಯಿಲ್ ಸೀರೆಗಳು. ಟ್ರಂಕಿನ ಕೀಲಿ ನನಗೆ ಯಾವತ್ತೋ ಕೊಟ್ಟಿದ್ದಳು, ಇನ್ನು ನೀನೇ ನೋಡಿಕೋ, ನನಗೆ ಕಾಣುವುದಾದರೂ ಏನು ಎಂದು. ಕಾಲಡಿಗೆ ಬರುವುದು ಯಾವುದೋ ಅಪರಿಚಿತರ ಚಿಂದಿ ಆಗುವುದಕ್ಕಿಂತ ತನ್ನವರದ್ದೇ ಆದರೆ ಅವಳಿಗೆ ಧೈರ್ಯ ಬರುತ್ತದೆ ಎಂದು ನಾನು ಯೋಚಿಸಿದೆ. ಎಲ್ಲ ಮುಗಿದ ಮೇಲೆ ಹೇಳಿ ಖುಷಿಪಡಿಸೋಣ ಎಂದು ಗುಟ್ಟಾಗಿಟ್ಟೆ.

ಮಧ್ಯಾಹ್ನ ಅಕ್ಕನಿಗೆ ಊಟ ಮಾಡಿಸಿ, ಅವಳು ಮಲಗಿದ ಮೇಲೆ ಅದೇ ಕೋಣೆಯ ನೆಲದ ಮೇಲೆ ಕೂತು ಹರಿಯತೊಡಗಿದೆ. ಮೊದಲು ಅಮ್ಮನ ಹಸಿರು ಚೌಕಳಿ. ಅಂಚಿನಲ್ಲಿ ಹಲ್ಲಿನಿಂದ ಕಚ್ಚಿ ಒಂದಿಷ್ಟು ಬಿಡಿಸಿಕೊಟ್ಟರೆ ಸಾಕು, ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಚರ್ ಎಂದು ನೆಟ್ಟಗೆ ಹರಿದುಕೊಂಡು ಹೋಗುತ್ತಿತ್ತು. ಹಳೆಯ ಕಾಟನ್ನಿನಿಂದ ಸಣ್ಣ ಧೂಳೇಳುತ್ತದೆ. ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಆ ಧೂಳು ಮೇಲೆ ಹೋಗುವುದನ್ನು ನೋಡುತ್ತ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆ ನೆನಪಾಯಿತು. ಈ ಸೀರೆಯನ್ನು ಅಮ್ಮ ಎಷ್ಟು ವರ್ಷ ಉಟ್ಟಿದ್ದಳೋ. ಆದರೂ ಕೈ ನಿಲ್ಲಿಸಲಿಲ್ಲ. ಪಟ್ಟಿಗಳು ನನ್ನ ಕಾಲಿನ ಸುತ್ತ ಹಸಿರಾಗಿ ಬಿದ್ದುಕೊಂಡವು.

ಸಂಜೆ ಎದ್ದ ಅಕ್ಕ ಕಾಫಿ ಕುಡಿಯುತ್ತ ಹೇಳಿದಳು: "ಅಮ್ಮ ಬಂದಿದ್ಲು ಕಣೆ. ಹಸಿರು ಸೀರೆ ಉಟ್ಕೊಂಡು ಕೂತು ಅವರೆಕಾಯಿ ಸುಲೀತಾನೇ ಇದ್ಲು. ಆ ಸದ್ದು ಇನ್ನೂ ಕಿವೀಲಿದೆ."

ನಿದ್ದೆಯಲ್ಲೂ ಕಿವಿ ಕೆಲಸ ಮಾಡುತ್ತದೆ, ಟ್ರಂಕಿನ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದಿರುತ್ತದೆ, ಅಷ್ಟೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರನೇ ದಿನ ಭಾವನ ಖಾಕಿ ತೆಗೆದೆ. ಅದು ಸುಲಭಕ್ಕೆ ಹರಿಯುವ ಬಟ್ಟೆಯಲ್ಲ, ಕಾಲಲ್ಲಿ ಒತ್ತಿಹಿಡಿದು ಎಳೆಯಬೇಕು, ಎಳೆದರೆ ಗುರ್ ಎನ್ನುತ್ತದೆ. ಅವತ್ತು ಅಕ್ಕನ ಕನಸಿನಲ್ಲಿ ಭಾವನ ಸ್ಕೂಟರು ಸ್ಟಾರ್ಟ್ ಆಗಲೇ ಇಲ್ಲವಂತೆ, ಒದ್ದು ಒದ್ದು ಸುಸ್ತಾದರಂತೆ. ಲುಂಗಿ ಹರಿದ ದಿನ ಅವರು ಟೆರೇಸಿನ ಮೇಲೆ ಹಪ್ಪಳ ಕಾಯುತ್ತ ಕಾಗೆ ಓಡಿಸುತ್ತಿದ್ದರು. ಹರಿದದ್ದನ್ನೆಲ್ಲ ಅಕ್ಕ ಮಲಗಿದಲ್ಲೇ ಉಟ್ಟು ಉಡಿಸಿ ಓಡಾಡಿಸುತ್ತಿದ್ದಳು. ಒಂದೊಂದು ಸಲ ನಾನು ಹರಿಯುವುದು ನಿಲ್ಲಿಸಿ, ಅವಳ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಅತ್ತಿತ್ತ ಹೊರಳುವುದನ್ನೇ ನೋಡುತ್ತ ಕೂತಿರುತ್ತಿದ್ದೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಅಮ್ಮ ಹೋದಂದಿನಿಂದ ನನ್ನ ಕನಸಿಗೆ ಒಂದು ದಿನವೂ ಬಂದಿಲ್ಲ. ಹರಿಯುತ್ತಿದ್ದವಳು ನಾನು, ಬರುತ್ತಿದ್ದದ್ದು ಅಕ್ಕನ ಹತ್ತಿರಕ್ಕೆ.

ಉಂಡೆಗಳನ್ನು ಚೀಲಕ್ಕೆ ತುಂಬಿ ಶೆಟ್ಟಿಹಳ್ಳಿಗೆ ಒಯ್ದೆ. ನೇಯುವ ಹೊತ್ತಿನಲ್ಲಿ ನಾನು ಎದುರಿಗೆ ಇರಬೇಕೆಂದು ಮಗ್ಗದಾಕೆ ಹೇಳಿದ್ದಳು, ಯಾವ ಬಟ್ಟೆಯ ನಂತರ ಯಾವುದು ಎಂದು ನಾನೇ ಎತ್ತಿಕೊಡಬೇಕಿತ್ತು. ಆಕೆ ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಳು. ಉದ್ದಕ್ಕೆ ಬಿಗಿದ ಬಿಳಿ ನೂಲಿನ ಹಾಸು, ಅದಕ್ಕೆ ಅಡ್ಡಡ್ಡ ಚಿಂದಿಯ ಹೊಕ್ಕು. ಒಂದು ಪಟ್ಟಿ ತೂರಿಸುವುದು, ಕಾಲಲ್ಲಿ ಹಲಗೆ ಒತ್ತುವುದು, ಎಳೆದು ಬಡಿಯುವುದು. ಧಡ್ ಎಂದು ಬಡಿದಾಗಲೆಲ್ಲ ಅಮ್ಮನ ಸೀರೆ ಒಂದೆಳೆ ಮುಂದಕ್ಕೆ ಬರುತ್ತಿತ್ತು. ಚೌಕಳಿ ಎಲ್ಲ ಒಡೆದು ಹಸಿರು ಹನಿ, ಬಿಳಿ ಹನಿಗಳಾಗಿ, ಇದು ಅಮ್ಮನದ್ದು ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂತಿತ್ತು. ಶೀಟಿನ ಕಾವು, ಅದೇ ಸದ್ದು, ನಿಲ್ಲದ ಆಕೆಯ ಮಾತು. ನನಗೆ ಅಲ್ಲೇ ತೂಕಡಿಕೆ ಹತ್ತಿತು. ಅರೆಗಣ್ಣಿನಲ್ಲಿ ನೋಡಿದರೆ ಮಗ್ಗದಿಂದ ಒಂದು ಬೀದಿಯೇ ಇಳಿದು ಬರುತ್ತಿರುವ ಹಾಗೆ ಕಂಡಿತು. ಹಸಿರು ಕಳೆದು ಖಾಕಿ, ಖಾಕಿ ಕಳೆದು ಅಕ್ಕನ ತಿಳಿನೀಲಿ ವಾಯಿಲ್, ಮತ್ತೆ ಅಮ್ಮನ ಅರಿಶಿನ. ಅದರ ಮೇಲೆ ಯಾರಾದರೂ ನಡೆದು ಬಂದಾರು ಎಂದು ಕಾಯುತ್ತ ಕೂತಿದ್ದೆ. ಆಕೆ ಹೊಸ ಉಂಡೆಗೆ ಕೂಗಿದಾಗಲೇ ಎಚ್ಚರವಾದದ್ದು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಜಮಖಾನ ಬಂದ ದಿನ ಬೆಳಿಗ್ಗೆ ನೆಲ ಒರೆಸಿ, ಅಕ್ಕನ ಮಂಚದ ಬುಡದಿಂದ ಪ್ಯಾಸೇಜಿಗೆ ಹಾಸಿದೆ. ಅಕ್ಕನನ್ನು ಮಂಚದ ಅಂಚಿಗೆ ಕೂರಿಸಿ ಕಾಲು ಕೆಳಗಿಡಿಸಿದೆ. ಅವಳು ಹೆಬ್ಬೆರಳಿನಿಂದ ಸವರಿ ನೋಡಿದಳು. ಮೆತ್ತಗಿದೆಯಲ್ಲ, ಏನು ಇದು, ಎಂದಳು. ಎದ್ದು ನಿಂತು ಅಳುಕುತ್ತ ಒಂದು ಹೆಜ್ಜೆ ಇಟ್ಟಳು. ನಾನು ತಡೆದುಕೊಳ್ಳಲಾರದೆ ಹೇಳಿಬಿಟ್ಟೆ: ಇದು ಅಮ್ಮನ ಹಸಿರು ಚೌಕಳಿ, ಮುಂದಿನದು ಭಾವನ ಖಾಕಿ, ಆಮೇಲೆ ನಿನ್ನ ನೀಲಿ ವಾಯಿಲ್, ಎಲ್ಲ ನಾನೇ ಹರಿದದ್ದು.

ಅಕ್ಕ ಕೆಂಡ ತುಳಿದವಳ ಹಾಗೆ ಹಿಂದಕ್ಕೆ ಸರಿದು ಮಂಚದ ಮೇಲೆ ಕೂತಳು, ಎರಡೂ ಕಾಲು ಮೇಲಕ್ಕೆಳೆದುಕೊಂಡಳು. ಆಮೇಲೆ ಬಗ್ಗಿ, ಕೈ ಚಾಚಿ ಜಮಖಾನವನ್ನು ಹುಡುಕಿ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಪುಸ್ತಕಕ್ಕೋ ಹಿರಿಯರಿಗೋ ಕಾಲು ತಗುಲಿದರೆ ಮಾಡುತ್ತೇವಲ್ಲ, ಹಾಗೆ.

"ಅಮ್ಮನ್ನ ತುಳಿಸಿಬಿಟ್ಯಲ್ಲೇ," ಎಂದಳು.

ದಿನಕ್ಕೆ ಹತ್ತು ಸೀರೆ ಕೈಯಲ್ಲಿ ಆಡಿಸುವವಳು, ಅಂಗಡಿಯಲ್ಲಿ ಗಿರಾಕಿಯ ಸೆರಗು ಕಾಲಿಗೆ ಸಿಕ್ಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಅಂಥ ನನಗೆ, ಅಮ್ಮ ಉಟ್ಟ ಸೀರೆಯನ್ನು ಮಗಳು ತುಳಿಯುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ದಾರಿಯ ಯೋಚನೆಯಲ್ಲಿ ಮುಳುಗಿಹೋಗಿದ್ದೆ. ಅಕ್ಕ ಮಲಗಿ ಗೋಡೆಯ ಕಡೆ ತಿರುಗಿದಳು. ಅವತ್ತೆಲ್ಲ ಅವಳು ನೆಲಕ್ಕೆ ಕಾಲಿಡಲಿಲ್ಲ. ಜಮಖಾನ ಸುತ್ತಿ ಮೂಲೆಗಿಟ್ಟಿದ್ದೇವೆ ಎಂದು ನನ್ನ ಗಂಡ ಎಷ್ಟು ಹೇಳಿದರೂ ನಂಬಲಿಲ್ಲ. ಬಚ್ಚಲಿಗೆ ಹೋಗಬೇಕಾದಾಗ ನಾವಿಬ್ಬರೂ ತೋಳು ಹಿಡಿದರೂ, ತುದಿಗಾಲಲ್ಲಿ, ಎಲ್ಲಿ ಅಮ್ಮನಿಗೆ ತಗುಲುತ್ತದೋ ಎಂದು ತಡಕಾಡುತ್ತ ಹೋದಳು. ಅವಳನ್ನು ನಡೆಸಬೇಕೆಂದು ಮಾಡಿದ್ದು ಇದ್ದ ನಡಿಗೆಯನ್ನೂ ಕಿತ್ತುಕೊಂಡಿತು.

ಮಾರನೇ ದಿನ ಊಟವೂ ಬೇಡ, ಮಲಗುತ್ತೇನೆ, ಎಂದಳು. ಅಲ್ಲಿಗೆ ನನ್ನ ಸಹನೆ ಮುಗಿಯಿತು. ತಟ್ಟೆಯನ್ನು ಮಂಚದ ಮೇಲೆ ಕುಕ್ಕಿದೆ.

"ಸತ್ತೋರ ಬಟ್ಟೆಗಿರೋ ಮರ್ಯಾದೆ ಬದುಕಿರೋಳಿಗಿಲ್ವಾ ಅಕ್ಕ? ದಿನಾ ಬಂದು ಇಲ್ಲಿ ಕೂತ್ಕೊಳ್ಳೋದು ನಾನು. ನನ್ ಜೊತೆ ಎರಡು ಮಾತಾಡೋಕೆ ನಿನಗೆ ಎಚ್ಚರ ಇರೋಕಾಗಲ್ಲ."

ಅಷ್ಟು ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಕ್ಕನಿಗೆ ಕಿವಿ ಚುರುಕು, ಕೇಳಿಸಿಯೇ ಇರುತ್ತದೆ. ಮುಖ ತೊಳೆದುಕೊಂಡು ಬಂದು ನೋಡಿದರೆ ಅರ್ಧ ಊಟ ಮಾಡಿದ್ದಳು. ಎಲ್ಲಿಟ್ಟಿದ್ದೀರಿ ಅದನ್ನು, ಎಂದು ಕೇಳಿದಳು. ಮೂಲೆಯಲ್ಲಿ, ಸುತ್ತಿ ನಿಲ್ಲಿಸಿದೆ, ಎಂದೆ. ಬುಡ ನೆಲಕ್ಕೆ ತಾಗುತ್ತದೆಯೇ? ತಾಗುತ್ತದೆ. ಹಾಗಿದ್ದರೆ ಗೋಡೆಗೆ ಹಾಕಿಬಿಡಿ, ನೆಲದ ಮೇಲೆ ಮಾತ್ರ ಬೇಡ, ಎಂದು ಬೆನ್ನು ತಿರುಗಿಸಿದಳು.

ಸಂಜೆ ನನ್ನ ಗಂಡ ಡ್ರಿಲ್ಲು ತೆಗೆದುಕೊಂಡರು. ಅಷ್ಟುದ್ದದ್ದನ್ನು ನೇತುಹಾಕಲು ಮನೆಯಲ್ಲಿ ಎಲ್ಲೂ ಎತ್ತರ ಇರಲಿಲ್ಲ, ಅಡ್ಡಕ್ಕೇ ಹಾಕಬೇಕು. ಮೇಲೆ ಹಾಕಿದರೆ ಸ್ವಿಚ್‌ಬೋರ್ಡು ಮುಚ್ಚುತ್ತದೆ, ಕ್ಯಾಲೆಂಡರು ಇದೆ. ಹಾಗಾಗಿ ಬಚ್ಚಲಿನ ಎದುರು ಗೋಡೆಯಲ್ಲಿ, ಬೋರ್ಡಿನ ಕೆಳಗೆ, ಸೊಂಟದಷ್ಟು ಎತ್ತರಕ್ಕೆ, ವೈರಿನ ಪೈಪಿಗೆ ಹೊಡೆಯುವ ಕ್ಲಿಪ್ಪುಗಳನ್ನೇ ಹೊಡೆದು ಅಕ್ಕನ ಕೋಣೆಯ ಬಾಗಿಲಿಂದ ಹಾಲಿನ ತನಕ ಎಳೆದು ಕೂರಿಸಿದರು. ಬೀದಿ ಬಾಗಿಲಿನವರೆಗೂ ಅದು ಬರಲಿಲ್ಲ. ಪ್ಯಾಸೇಜು ಹಾಲಿಗೆ ಸೇರುವಲ್ಲಿಗೇ ಮುಗಿಯಿತು. ಒಳ್ಳೇ ಮದುವೆ ಛತ್ರದ ಹಾಗಾಯಿತು ಮನೆ, ಎಂದರು ಅವರು. ನನಗೆ ನಗು ಬರಲಿಲ್ಲ.

ನಾಲ್ಕಾರು ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಬಾಗಿಲು ತೆರೆದೆ. ಹೊರಗಿನ ಬೆಳಕಿನಿಂದ ಬಂದವಳಿಗೆ ಪ್ಯಾಸೇಜು ಕತ್ತಲಾಗಿ ಕಂಡಿತು. ಆ ಕತ್ತಲಲ್ಲಿ ಯಾರೋ ನಿಂತಿದ್ದರು. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಅಕ್ಕ. ಕೋಣೆಯ ಹೊಸ್ತಿಲು ದಾಟಿ, ಬರಿಗಾಲಲ್ಲಿ, ಎರಡೂ ಅಂಗೈಯನ್ನು ಜಮಖಾನದ ಮೇಲಿಟ್ಟುಕೊಂಡು ನಿಂತಿದ್ದಳು. ನಿದ್ದೆಯಲ್ಲಿ ನಡೆದು ಬಂದಿದ್ದಾಳೋ ಏನೋ ಎಂದು ನಾನು ಬಾಗಿಲಲ್ಲೇ ನಿಂತೆ.

"ಬಂದ್ಯಾ?" ಎಂದಳು, ಈ ಕಡೆ ತಿರುಗದೆ. "ಅಮ್ಮನ ಪಕ್ಕಕ್ಕೆ ನಮ್ಮೆಜಮಾನ್ರನ್ನ ಕೂರಿಸಿದೀಯಲ್ಲ, ಅವರಿಬ್ರಿಗೂ ಯಾವತ್ತು ಆಗಿತ್ತೇ?"

ನಿಜ. ಅಮ್ಮ ಮತ್ತು ಭಾವ ಒಂದೇ ಹಾಲಿನಲ್ಲಿ ಕೂತು ಟೀವಿ ನೋಡಿದವರಲ್ಲ. ಹಬ್ಬಕ್ಕೆ ಬಂದಾಗ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದೆವು. ಈಗ ಹಸಿರೂ ಖಾಕಿಯೂ ಸಂದಿಲ್ಲದೆ ಒತ್ತಿಕೊಂಡು ಕೂತಿದ್ದವು, ಮಧ್ಯೆ ಮಾತಿಗೂ ಜಾಗ ಇಲ್ಲದ ಹಾಗೆ. ನಾನು ಜೋರಾಗಿ ನಕ್ಕೆ. ಅಕ್ಕನೂ ನಕ್ಕಳು. ನಗುವಾಗಲೂ ಅಂಗೈ ತೆಗೆಯಲಿಲ್ಲ.

ತುಳಿಯುವುದಕ್ಕಾಗದ್ದನ್ನು ಕೈಯಲ್ಲಿ ಸವರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನುಣುಪು ಗೋಡೆಯಲ್ಲಿ ದಾರಿ ತಪ್ಪಿದವಳಿಗೆ ಈಗ ಗೋಡೆಯ ತುಂಬ ಗುರುತಿನವರು. ಖಾಕಿ ಸಿಕ್ಕಿತೆಂದರೆ ಎದುರಿಗೆ ಬಚ್ಚಲು, ಅಮ್ಮನ ಅರಿಶಿನದ ಸೀರೆಯ ಹತ್ತಿರ ಅಡುಗೆಮನೆ. ನಾನು ನೆಲಕ್ಕೆಂದು ಎಣಿಸಿದ್ದ ಗುರುತುಗಳೇ, ಸೊಂಟದ ಎತ್ತರಕ್ಕೆ ಬಂದಿದ್ದವು ಅಷ್ಟೆ. ದಿನಕ್ಕೊಂದು ಸಲ, ಆಮೇಲೆ ಎರಡು ಮೂರು ಸಲ ಅವಳು ಬರತೊಡಗಿದಳು. ಆದರೂ ನನ್ನ ಭಯ ಪೂರ್ತಿ ಹೋಗಲಿಲ್ಲ. 'ಸತ್ತೋರ ಬಟ್ಟೆ' ಎಂದು ನಾನು ಅಂದ ಮಾತಿಗೆ ಅವಳು ಉತ್ತರ ಕೊಟ್ಟಿರಲಿಲ್ಲ. ಅವಳು ಆ ಗೋಡೆಯ ಜೊತೆ ಗೊಣಗುವುದನ್ನು ಕೇಳಿದರೆ ಕನಸಿನವರನ್ನೇ ಪ್ಯಾಸೇಜಿಗೆ ಕರೆತಂದುಕೊಂಡಿದ್ದಾಳೆ ಅನ್ನಿಸುತ್ತಿತ್ತು. ಜಮಖಾನ ಮುಗಿಯುವಲ್ಲಿ, ನೂಲಿನ ಕುಚ್ಚು ಕೈಗೆ ಸಿಕ್ಕಿದೊಡನೆ, ಅವಳು ತಪ್ಪದೆ ಹಿಂದಕ್ಕೆ ತಿರುಗಿ ಕೋಣೆಗೆ ಹೋಗಿ ಮಲಗುತ್ತಿದ್ದಳು. ಅಮ್ಮ ಇದ್ದಷ್ಟು ದೂರ, ಭಾವ ಇದ್ದಷ್ಟು ದೂರ. ಅದರಾಚೆ ಇದ್ದ ಹಾಲು, ಬಾಗಿಲು, ಬೀದಿ, ನಾನು, ನಮ್ಮ ಕಡೆಗೆ ಅವಳ ಹೆಜ್ಜೆ ಬರಲಿಲ್ಲ.

ಹೋದ ಶನಿವಾರ ನನಗೆ ಸ್ವಲ್ಪ ಜ್ವರ. ಅಂಗಡಿ ತೆರೆಯಲಿಲ್ಲ. ಬೀದಿ ಬಾಗಿಲು ತೆಗೆದಿಟ್ಟು, ಬಿಸಿಲು ಬೀಳುವ ಕಡೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಒಳಗೆ ಅಕ್ಕನ ಬಳೆ ಸದ್ದಾಯಿತು. ಗೋಡೆ ಹಿಡಿದು ಬಂದಳು. ನಾನು ಮಾತಾಡಿಸಲಿಲ್ಲ, ನೋಡುತ್ತ ನಿಂತೆ. ಅವಳ ಬೆರಳು ಒಂದೊಂದು ಪಟ್ಟೆಯ ಮೇಲೂ ನಿಂತು, ತಿದ್ದಿ, ಮುಂದಕ್ಕೆ ಬರುತ್ತಿತ್ತು. ಕುಚ್ಚಿನ ತನಕ ಬಂದಳು. ಎಂದಿನಂತೆ ತಿರುಗಿದಳು, ನಾಲ್ಕು ಪಟ್ಟೆ ಹಿಂದಕ್ಕೆ ಹೋದಳು, ನಿಂತಳು. ಮತ್ತೆ ಕುಚ್ಚಿನ ಕಡೆಗೆ ಬಂದಳು. ಏನೋ ಕಳೆದುಕೊಂಡವಳ ಹಾಗೆ ಅಂಚನ್ನೆಲ್ಲ ಕೆಳಗಿನಿಂದ ಮೇಲಕ್ಕೆ ತಡವಿದಳು.

"ನೀನೆಲ್ಲೇ ಇದೀಯ?" ಎಂದಳು.

ನಾನು ಇರುವುದು ಅವಳಿಗೆ ಗೊತ್ತಾಯಿತು ಎಂದುಕೊಂಡೆ. ಆದರೆ ಅವಳು ಮುಖ ಗೋಡೆಯ ಕಡೆಗೇ ಇಟ್ಟುಕೊಂಡು ಕೇಳುತ್ತಿದ್ದಳು.

"ಅಮ್ಮ ಇದಾಳೆ. ಇವರಿದಾರೆ. ನಾನಿದೀನಿ. ಎಷ್ಟು ಸಲ ಹುಡುಕ್ದೆ, ನಿನ್ನದೇ ಒಂದು ಚೂರೂ ಇಲ್ವಲ್ಲೇ ಇದ್ರಲ್ಲಿ."

ನನ್ನ ಬಟ್ಟೆ ಹಾಕಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.

"ನಾನು ಅದ್ರಲ್ಲಿಲ್ಲ ಅಕ್ಕ. ಇಲ್ಲೇ ಇದೀನಿ, ಬಾಗಿಲ ಹತ್ರ."

ಅಕ್ಕ ನನ್ನ ದನಿಯ ಕಡೆ ತಿರುಗಿದಳು. ತೆರೆದ ಬಾಗಿಲಿನ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳ ಬೆರಳಿಗೆ ಇನ್ನೂ ಕುಚ್ಚು ಸಿಕ್ಕಿಕೊಂಡಿತ್ತು. ಹೋಗಿ ಕೈ ಹಿಡಿಯೋಣ ಎಂದು ಎರಡು ಸಲ ಅನ್ನಿಸಿತು, ಎರಡು ಸಲವೂ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದ ಬಾಗಿಲ ತನಕ ಹಿಡಿಯಲು ಗೋಡೆಯಿಲ್ಲ, ಏನೂ ಇಲ್ಲ. ಅಕ್ಕ ಕುಚ್ಚನ್ನು ಬೆರಳಿನಿಂದ ಬಿಡಿಸಿಕೊಂಡಳು. ಕಾಲನ್ನು ನೆಲದ ಮೇಲೆ ಜಾರಿಸುತ್ತ, ಗಾಳಿಯಲ್ಲಿ ಕೈ ಚಾಚಿಕೊಂಡು, ಬರಿ ಹಾಲನ್ನು ದಾಟತೊಡಗಿದಳು. ನಡುವೆ ಒಂದು ಕಡೆ ನಿಂತುಬಿಟ್ಟಳು. ಮಾತಾಡ್ತಾ ಇರೇ, ಎಂದಳು. ಏನು ಮಾತಾಡಲಿ? ಇಲ್ಲಿದೀನಿ, ಇಲ್ಲಿದೀನಿ, ಎಂದಷ್ಟೇ ಹೇಳುತ್ತ ಹೋದೆ. ಅವಳ ಕೈ ಮೊದಲು ನನ್ನ ಭುಜಕ್ಕೆ, ಆಮೇಲೆ ಸೆರಗಿಗೆ ತಾಗಿತು. ಸೆರಗನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದಳು.

"ಇದು ನಾ ನೋಡಿಲ್ಲ. ಯಾವ ಬಣ್ಣದ್ದೇ?" ಎಂದು ಕೇಳಿದಳು.